ಪಟವಾರಿ ಬರೆದ ಎರಡು ಪದಗಳು

ಬ್ಯಾಂಕಿನಲ್ಲಿ ಕೃಷಿಸಾಲದ ಮೇಜಿಗೆ ಕೂರುವವರು ರಾಜಸ್ಥಾನಕ್ಕೆ ವರ್ಗವಾಗಿ ಹೋದರೆ ಮೊದಲು ಕಲಿಯಬೇಕಾದದ್ದು ಜಮಾಬಂದಿ ಓದುವುದನ್ನು. ನಮ್ಮ ಪಹಣಿಯ ಹಾಗೆ ಅದೂ ಪಟವಾರಿ, ಅಂದರೆ ಅಲ್ಲಿನ ಗ್ರಾಮ ಲೆಕ್ಕಿಗ, ಬರೆದಿಡುವ ಒಂದು ಹಾಳೆ: ಖಾತಾ ಸಂಖ್ಯೆ, ಖಸರಾ ಸಂಖ್ಯೆ (ನಮ್ಮ ಸರ್ವೆ ನಂಬರಿನಂಥದ್ದು), ಹಿಡುವಳಿದಾರನ ಹೆಸರು, ವಿಸ್ತೀರ್ಣ, ಜಮೀನಿನ ಬಗೆ. 2022ರಿಂದ ಮೂರು ವರ್ಷ ನಾನು ಜೈಸಲ್ಮೇರ್ ಜಿಲ್ಲೆಯ ಪೋಖ್ರಾನ್‌ನಲ್ಲಿ ನೌಕರಿ ಮಾಡಿದೆ. ದೇಶಕ್ಕೆ ಆ ಹೆಸರು ಗೊತ್ತಿರುವುದು 1974 ಮತ್ತು 1998ರ ಮೇ ತಿಂಗಳುಗಳಲ್ಲಿ ನಡೆದ ಅಣು ಪರೀಕ್ಷೆಗಳಿಂದ. ಪರೀಕ್ಷೆ ನಡೆದದ್ದು ಊರಿನಲ್ಲಲ್ಲ, ಖೇತೋಲಾಯಿ ಎಂಬ ಹಳ್ಳಿಗೆ ಹತ್ತಿರವಿರುವ ಸೇನೆಯ ಪ್ರದೇಶದಲ್ಲಿ. ಊರೆಂದರೆ ಕೆಂಪು ಕಲ್ಲಿನ ಕೋಟೆ, ಕುಂಬಾರರ ಓಣಿ, ಭಾದ್ರಪದದಲ್ಲಿ ರಾಮ್‌ದೇವ್ರಾ ಜಾತ್ರೆಗೆ ಕಾಲ್ನಡಿಗೆಯಲ್ಲಿ ಸಾಗುವ ಯಾತ್ರಿಕರ ಸಾಲು, ಪುರಸಭೆ, ತಹಸೀಲ್ ಕಚೇರಿ ಮತ್ತು ಆ ಕಚೇರಿಯ ಎದುರಿನ ಚಹಾ ಅಂಗಡಿಗಳು. ಅಲ್ಲಿನ ರಾಜಕೀಯವನ್ನು ಮೂರು ವರ್ಷ ಹತ್ತಿರದಿಂದ ನೋಡಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಮರುಭೂಮಿಯ ಊರೊಂದರ ನಿಜವಾದ ರಾಜಕೀಯ ನಡೆಯುವುದು ಮತಗಟ್ಟೆಯಲ್ಲಲ್ಲ, ಜಮಾಬಂದಿಯ ಆ ಕೊನೆಯ ಅಂಕಣದಲ್ಲಿ.

ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ವೃದ್ಧ ಕುರಿಗಾಹಿ. ಸಾಲದ ವಿಷಯಕ್ಕೆ ಮಗನೊಂದಿಗೆ ಬಂದಿದ್ದ ಅವರು, ಮಗನ ಕೆಲಸ ಮುಗಿದ ಮೇಲೂ ಎದ್ದು ಹೋಗದೆ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟಿದ್ದ ಚೀಟಿಯೊಂದನ್ನು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಏಳು ಖಸರಾ ಸಂಖ್ಯೆಗಳಿದ್ದವು. "ಬಾಬೂಸಾ, ನಿಮ್ಮ ಕಂಪ್ಯೂಟರಿನಲ್ಲಿ ಇವು ಕಾಣಿಸುತ್ತವಂತೆ. ಏನೆಂದು ಬರೆದಿದೆ ಅಂತ ಓದಿ ಹೇಳಿ" ಎಂದರು. ರಾಜ್ಯ ಸರ್ಕಾರದ 'ಅಪನಾ ಖಾತಾ' ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ಮಾಹಿತಿ ಅದು. ಒಂದೊಂದಾಗಿ ತೆರೆದೆ. ಏಳರಲ್ಲೂ ಹಿಡುವಳಿದಾರನ ಜಾಗದಲ್ಲಿ ಸರ್ಕಾರದ ಹೆಸರು, ಜಮೀನಿನ ಬಗೆಯ ಮುಂದೆ ಎರಡೇ ಪದ: ಸಿವಾಯ್ ಚಕ್. ಯಾರ ಹಿಡುವಳಿಗೂ ಸೇರದೆ ಉಳಿದ ಸರ್ಕಾರಿ ಜಮೀನು ಎಂದು ಅದರ ಅರ್ಥ. ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ದೇವಿಯ ಓರಣ್. ನಮ್ಮ ಅಜ್ಜನ ಅಜ್ಜ ಕೂಡ ಅಲ್ಲಿ ಕೊಡಲಿ ಎತ್ತಿದವನಲ್ಲ" ಎಂದರು.

ಕನ್ನಡದಲ್ಲಿ ಓರಣ ಎಂದರೆ ಅಚ್ಚುಕಟ್ಟು. ಅವರ ಓರಣ್ ಬೇರೆ ಪದ, ಸಂಸ್ಕೃತದ ಅರಣ್ಯದಿಂದ ಬಂದದ್ದು. ಊರಿನ ದೇವಿಗೋ ಜನಪದ ವೀರನಿಗೋ ಬಿಟ್ಟುಕೊಟ್ಟ ಭೂಮಿ ಅದು. ಅಲ್ಲಿ ಹಸಿ ಮರ ಕಡಿಯುವಂತಿಲ್ಲ, ಉಳುವಂತಿಲ್ಲ, ಆದರೆ ಎಲ್ಲರ ದನ, ಕುರಿ, ಒಂಟೆಗಳು ಮೇಯಬಹುದು. ನಾವು ಬನ್ನಿ ಎಂದು ಪೂಜಿಸುವ ಮರವನ್ನೇ ಅವರು ಖೇಜಡಿ ಎನ್ನುತ್ತಾರೆ. ಅದರ ಜೊತೆಗೆ ಕೇರ್, ಜಾಳ್, ಬೋರಡಿ ಗಿಡಗಳು, ಕೆಳಗೆ ಸೇವಣ್ ಹುಲ್ಲು. 1730ರಲ್ಲಿ ಜೋಧ್‌ಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಅಪ್ಪಿಕೊಂಡು 363 ಬಿಷ್ಣೋಯಿಗಳು ಪ್ರಾಣ ಬಿಟ್ಟರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಮಳೆ ಕೈಕೊಟ್ಟ ವರ್ಷ ಹೊಲ ಬರಿದಾದಾಗ ಜಾನುವಾರು ಬದುಕುವುದು ಓರಣಿನಿಂದ. ಜೈಸಲ್ಮೇರ್‌ನಲ್ಲಿ ಅಂಥ ವರ್ಷಗಳೇ ಹೆಚ್ಚು. ಹಾಗಾಗಿ ಓರಣ್ ಎಂಬುದನ್ನು ಬರೀ ಧಾರ್ಮಿಕ ನಂಬಿಕೆಯೆಂದು ಓದುವುದು ತಪ್ಪು. ಅದು ಬರಗಾಲಕ್ಕೆಂದು ಇಡೀ ಸಮುದಾಯ ಕೂಡಿಟ್ಟ ಠೇವಣಿ. ಬ್ಯಾಂಕಿನವನಾದ್ದರಿಂದ ನನಗೆ ಹಾಗೆ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ, ಆದರೆ ಆ ಲೆಕ್ಕ ಮಾತ್ರ ಸರಿಯಾಗಿದೆ.

ಇಂಥ ಭೂಮಿ ಸಿವಾಯ್ ಚಕ್ ಆದದ್ದು ಹೇಗೆ? ಇದರಲ್ಲಿ ಯಾರೋ ಒಬ್ಬರ ಸಂಚು ಹುಡುಕಬೇಕಾಗಿಲ್ಲ. 1952ರ ಕಾನೂನಿನಿಂದ ಜಾಗೀರುಗಳು ರದ್ದಾದವು. 1955ರ ಗೇಣಿ ಕಾಯ್ದೆ, 1956ರ ಭೂಕಂದಾಯ ಕಾಯ್ದೆ ಬಂದವು. ಆಮೇಲೆ ಸರ್ಕಾರದ ಅಳತೆಗಾರರು ಹಳ್ಳಿಗಳಿಗೆ ಬಂದರು. ಉಳುವವನಿದ್ದ ಕಡೆ ಅವನ ಹೆಸರು ಬರೆದರು. ಉಳುವವರಿಲ್ಲದ, ಬೇಲಿಯಿಲ್ಲದ, ಮೈಲಿಗಟ್ಟಲೆ ಹರಡಿದ ಭೂಮಿಗೆ ಯಾರ ಹೆಸರು ಬರೆಯುವುದು? ಕಾಗದದಲ್ಲಿ ಅದು ಯಾರದೂ ಅಲ್ಲದ್ದಾಯಿತು. ಓದುಬರಹ ಬಾರದ ಜನ ಅದನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ, ಏಕೆಂದರೆ ಮರುದಿನವೂ ಕುರಿಗಳು ಅಲ್ಲೇ ಮೇದವು. ಜಿಲ್ಲೆಯ ದೇಗರಾಯಿ ಮಾತಾ ಓರಣ್ ಇದಕ್ಕೆ ದೊಡ್ಡ ಉದಾಹರಣೆ. ಸುತ್ತಲಿನ ಹಳ್ಳಿಗಳವರು ಸುಮಾರು 60,000 ಬೀಘಾ (ಬೀಘಾ ಎಂಬುದು ಅಲ್ಲಿನ ನೆಲದ ಅಳತೆ) ಎಂದು ತಿಳಿದಿರುವ ಆ ಓರಣಿನಲ್ಲಿ, 2004ರಲ್ಲಿ ಓರಣ್ ಎಂದು ದಾಖಲಾದದ್ದು ಸುಮಾರು 24,000 ಬೀಘಾ ಮಾತ್ರ. ಉಳಿದದ್ದು ದಾಖಲೆಯ ಪ್ರಕಾರ ಖಾಲಿ ಸರ್ಕಾರಿ ಭೂಮಿ.

ಐವತ್ತು ವರ್ಷ ಯಾರಿಗೂ ತೊಂದರೆ ಕೊಡದ ಆ ಎರಡು ಪದಗಳು ಈಗ ಏಕೆ ಮುಖ್ಯವಾದವು ಎಂಬುದಕ್ಕೆ ಉತ್ತರ ಬಿಸಿಲಿನಲ್ಲಿದೆ. ಪೋಖ್ರಾನ್‌ನಿಂದ ದೂರವೇನೂ ಅಲ್ಲದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದೇ ಸೀಮೆಯ ಭಡ್ಲಾದಲ್ಲಿ 2,245 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ನವೀಕರಿಸಬಹುದಾದ ಇಂಧನದ ಸ್ಥಾವರಗಳಿಗೆ ಸರ್ಕಾರಿ ಜಮೀನು ಹಂಚಿಕೆ ಮಾಡಲು ರಾಜಸ್ಥಾನ 2007ರಲ್ಲಿಯೇ ಪ್ರತ್ಯೇಕ ನಿಯಮಗಳನ್ನು ಮಾಡಿಕೊಂಡಿದೆ. ಕಂಪನಿ ಅರ್ಜಿ ಹಾಕುತ್ತದೆ, ಜಿಲ್ಲಾಡಳಿತ ಖಾಲಿ ಜಮೀನು ಎಲ್ಲಿದೆಯೆಂದು ದಾಖಲೆ ನೋಡುತ್ತದೆ, ದಾಖಲೆ ಸಿವಾಯ್ ಚಕ್ ಎನ್ನುತ್ತದೆ. ಹಂಚಿಕೆಯ ಆದೇಶಕ್ಕೆ ಸಹಿ ಹಾಕುವ ಅಧಿಕಾರಿ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮುಂದಿರುವ ಹಾಳೆಯಲ್ಲಿ ಖೇಜಡಿ ಮರ ಇಲ್ಲ, ದೇವಿಯ ಕಟ್ಟೆ ಇಲ್ಲ, ಕುರಿ ಇಲ್ಲ. ಹಳ್ಳಿಯವರಿಗೆ ವಿಷಯ ಗೊತ್ತಾಗುವುದು ಕಂಬ ನೆಡಲು ಯಂತ್ರಗಳು ಬಂದ ದಿನ.

ಸೌರ ವಿದ್ಯುತ್ತಿನ ವಿರುದ್ಧ ಬರೆಯುವುದು ನನ್ನ ಉದ್ದೇಶವಲ್ಲ. 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ಇಂಧನ ಸಾಮರ್ಥ್ಯ ಎಂಬ ದೇಶದ ಗುರಿ ಸರಿಯಾದದ್ದೆಂದೇ ನಂಬಿದ್ದೇನೆ, ಮತ್ತು ಅದಕ್ಕೆ ಥಾರ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಿಜಕ್ಕೂ ಖಾಲಿಯಿರುವ, ಕಲ್ಲು ಹಾಸಿನ ಭೂಮಿಯೂ ಆ ಜಿಲ್ಲೆಯಲ್ಲಿ ಉಂಟು. ಅದು ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ಜಿಲ್ಲೆ, 38,000 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ನನ್ನ ತಕರಾರು ಇಷ್ಟೇ: ಯಾವುದು ಖಾಲಿ, ಯಾವುದು ಅಲ್ಲ ಎಂಬುದನ್ನು ಅಲ್ಲಿ ಬದುಕುವವರನ್ನು ಕೇಳದೆ ತೀರ್ಮಾನಿಸಬಾರದು.

ರಾಷ್ಟ್ರಮಟ್ಟದಲ್ಲಿ ಈ ವಿಷಯ ಸುದ್ದಿಯಾದದ್ದು ಗೋಡಾವಣ ಹಕ್ಕಿಯ ಕಾರಣದಿಂದ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುವ, ಅಳಿವಿನ ಅಂಚಿಗೆ ಬಂದಿರುವ ಈ ಭಾರೀ ಹಕ್ಕಿ ಮುಂದೆ ನೇರಕ್ಕೆ ಸರಿಯಾಗಿ ಕಾಣಲಾರದೆ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. 2021ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದಿತು; 2024ರ ಮಾರ್ಚ್ 21ರಂದು ಆ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹಕ್ಕಿ ಒಂದು ಕಡೆ, ವಿದ್ಯುತ್ ಇನ್ನೊಂದು ಕಡೆ ಎಂಬಂತೆ ದೆಹಲಿಯಲ್ಲಿ ಚರ್ಚೆಯಾಯಿತು. ಹಕ್ಕಿಯನ್ನು ಇಷ್ಟು ಕಾಲ ಉಳಿಸಿದ ಹುಲ್ಲುಗಾವಲು ಯಾರ ಕಾವಲಿನಲ್ಲಿತ್ತು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಬಹಳ ಹಿಂದೆ ಉಳಿಯಿತು.

ಇನ್ನು ಊರಿನ ಚುನಾವಣಾ ರಾಜಕೀಯಕ್ಕೆ ಬರುತ್ತೇನೆ. ಪೋಖ್ರಾನ್ ವಿಧಾನಸಭಾ ಕ್ಷೇತ್ರದ ಜನ ಮತದಾನದಲ್ಲಿ ಉದಾಸೀನರಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಮತದಾನವಾಗುವ ಕ್ಷೇತ್ರಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. 2018ರಲ್ಲಿ ಕಾಂಗ್ರೆಸ್ಸಿನ ಸಾಲೇಹ್ ಮೊಹಮ್ಮದ್ ಅವರು ಬಿಜೆಪಿಯ ಮಹಂತ ಪ್ರತಾಪ್ ಪುರಿ ಅವರನ್ನು ಗೆದ್ದದ್ದು ಕೇವಲ 872 ಮತಗಳಿಂದ. 2023ರ ನವೆಂಬರ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಪ್ರತಾಪ್ ಪುರಿ ಅವರು 35,000ಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಒಬ್ಬರು ಮಠಾಧೀಶರು, ಇನ್ನೊಬ್ಬರು ಗಡಿಸೀಮೆಯ ಮುಸ್ಲಿಮರು ತಲೆಬಾಗುವ ಮನೆತನದವರು. ಎರಡೂ ಸಲ ಊರು ಯಾವ ಗೆರೆಯ ಉದ್ದಕ್ಕೆ ಸೀಳಿತೆಂದು ವಿವರಿಸಬೇಕಾಗಿಲ್ಲ. ಆದರೆ ಬ್ಯಾಂಕಿನ ಮೇಜಿಗೆ ಬರುತ್ತಿದ್ದವರಲ್ಲಿ ರಜಪೂತರು, ಮೇಘವಾಲರು, ಬಿಷ್ಣೋಯಿಗಳು, ಸಿಂಧಿ ಮುಸ್ಲಿಮರು ಎಲ್ಲರೂ ಇದ್ದರು, ಮತ್ತು ಮೇವಿನ ಮಾತು ಬಂದಾಗ ಅವರೆಲ್ಲರ ಚಿಂತೆ ಒಂದೇ ಆಗಿತ್ತು. ಆ ಚಿಂತೆ ಒಂದೇ ಒಂದು ಪ್ರಚಾರ ಭಾಷಣದಲ್ಲಿಯೂ ನನ್ನ ಕಿವಿಗೆ ಬೀಳಲಿಲ್ಲ.

ಸುದ್ದಿಯ ಕಥೆಯೂ ಹೀಗೆಯೇ. 2023ರ ಆಗಸ್ಟ್‌ನಲ್ಲಿ ರಾಜಸ್ಥಾನದಲ್ಲಿ ಹೊಸ ಜಿಲ್ಲೆಗಳಾದವು, ನೆರೆಯ ಫಲೋದಿಯೂ ಜಿಲ್ಲೆಯಾಯಿತು. ಸರ್ಕಾರ ಬದಲಾದ ಮೇಲೆ, 2024ರ ಡಿಸೆಂಬರ್ 28ರಂದು, ಅವುಗಳಲ್ಲಿ ಒಂಬತ್ತನ್ನು ರದ್ದು ಮಾಡಲಾಯಿತು. ಅನೂಪ್‌ಗಢ, ಸಾಂಚೋರ್ ಹೋದವು, ಫಲೋದಿ ಉಳಿಯಿತು. ವಾರಗಟ್ಟಲೆ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಅದಕ್ಕೆ ಸರಿಯಾಗಿ ಹತ್ತು ದಿನ ಮೊದಲು, ಡಿಸೆಂಬರ್ 18ರಂದು, ಸುಪ್ರೀಂ ಕೋರ್ಟ್ ರಾಜಸ್ಥಾನದ ದೇವರಕಾಡುಗಳ ಬಗ್ಗೆ ತೀರ್ಪು ಕೊಟ್ಟಿತ್ತು: ಅರಣ್ಯ ಇಲಾಖೆಯು ಉಪಗ್ರಹ ಚಿತ್ರಗಳ ನೆರವಿನಿಂದಲೂ ಸ್ಥಳಕ್ಕೇ ಹೋಗಿಯೂ ಪ್ರತಿಯೊಂದು ಓರಣನ್ನು ಗುರುತಿಸಬೇಕು, ವಿಸ್ತೀರ್ಣ ಎಷ್ಟೇ ಇರಲಿ ಅದರ ಉದ್ದೇಶವನ್ನೂ ಸಮುದಾಯಕ್ಕೆ ಅದು ಏನೆಂಬುದನ್ನೂ ನೋಡಬೇಕು ಎಂದು. ಆ ಊರಿನ ಬದುಕಿಗೆ ಇದಕ್ಕಿಂತ ಹತ್ತಿರದ ಆದೇಶ ದೆಹಲಿಯಿಂದ ಬಂದದ್ದು ನನಗೆ ನೆನಪಿಲ್ಲ. ಆದರೆ ನಮ್ಮ ಶಾಖೆಗೆ ಬಂದ ಗ್ರಾಹಕರಲ್ಲಿ ಆ ವಾರ ಅದರ ಮಾತು ಎತ್ತಿದವರು ಒಬ್ಬರೇ, ಚೀಟಿ ತಂದಿದ್ದ ಆ ವೃದ್ಧರು. ಅವರಿಗೆ ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಿದ್ದನಂತೆ.

ಅವರಿಗೆ ಸಂತೋಷವಾಗಿತ್ತು, ಜೊತೆಗೆ ಒಂದು ಭಯವೂ ಇತ್ತು. ಆ ಭಯವನ್ನು ನಗರದ ಪರಿಸರಪ್ರಿಯರು ಗಮನವಿಟ್ಟು ಕೇಳಬೇಕು. ಅದೇ 2024ರ ಆರಂಭದಲ್ಲಿ ಓರಣ್‌ಗಳನ್ನು ಪರಿಭಾವಿತ ಅರಣ್ಯವೆಂದು (ಡೀಮ್ಡ್ ಫಾರೆಸ್ಟ್, ಅಂದರೆ ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಕಾನೂನು ಅರಣ್ಯವೆಂದೇ ಎಣಿಸುವ ಭೂಮಿ) ಪರಿಗಣಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಹೊರಡಿಸಿದಾಗಲೂ ಕುರಿಗಾಹಿಗಳು ಇದನ್ನೇ ಕೇಳಿದ್ದರು: ಅರಣ್ಯವಾದರೆ ನಾಳೆ ಅರಣ್ಯ ಇಲಾಖೆಯವರು ನಮ್ಮ ಕುರಿಗಳನ್ನು ಹೊರಗಟ್ಟುವುದಿಲ್ಲವೇ? ಕೇರ್ ಕಾಯಿ, ಸಾಂಗರಿ ಎಂಬ ಖೇಜಡಿ ಕಾಯಿ, ಅಂಟು ಸಂಗ್ರಹಿಸಲು ಚೀಟಿ ಬೇಕಾಗುವುದಿಲ್ಲವೇ? ಸೌರ ಫಲಕದ ಬೇಲಿಯಿಂದ ತಪ್ಪಿಸಿಕೊಂಡು ಇಲಾಖೆಯ ಬೇಲಿಯೊಳಗೆ ಸಿಕ್ಕಿಕೊಂಡರೆ ಕುರಿಗೆ ಏನು ಪ್ರಯೋಜನ? ಡಿಸೆಂಬರ್‌ನ ತೀರ್ಪು ಈ ಆತಂಕವನ್ನು ಅರ್ಥಮಾಡಿಕೊಂಡಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಈ ಕಾಡುಗಳನ್ನು ಕಾಯ್ದ ಸಮುದಾಯಗಳಿಗೇ ರಕ್ಷಣೆಯ ಹೊಣೆ ಕೊಡುವ ಬಗ್ಗೆ ಅದು ಹೇಳಿದೆ. ಆದರೆ ತೀರ್ಪಿನ ಭಾಷೆಗೂ ಬೀಟ್ ಗಾರ್ಡ್‌ನ ಭಾಷೆಗೂ ನಡುವೆ ಬಹಳ ಅಂತರವಿದೆ. ಹಳ್ಳಿಯವರು ಕೇಳುತ್ತಿರುವುದು ಸರಳ: ಓರಣನ್ನು ಓರಣ್ ಎಂದೇ ಬರೆಯಿರಿ.

ನೀರಿನ ಮಾತಿಲ್ಲದೆ ಮರುಭೂಮಿಯ ಯಾವ ಮಾತೂ ಪೂರ್ತಿಯಾಗದು. ಇಂದಿರಾ ಗಾಂಧಿ ಕಾಲುವೆ ಪಂಜಾಬಿನ ಹರೀಕೆಯಿಂದ 649 ಕಿಲೋಮೀಟರ್ ಹರಿದು ಬರುತ್ತದೆ. ಪೋಖ್ರಾನ್ ಮತ್ತು ಫಲ್‌ಸೂಂಡ್ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಅದರಿಂದಲೇ ಏತದ ಮೂಲಕ ಬರುತ್ತದೆ. ಬೇಸಿಗೆಯ ಹೊತ್ತಿಗೆ ದುರಸ್ತಿಗಾಗಿ ಕಾಲುವೆ ಮುಚ್ಚುತ್ತಾರೆ. 'ನಹರಬಂದಿ' ಎಂಬ ಆ ಪದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಾಣಿಸಿಕೊಂಡ ದಿನವೇ ಊರಿನಲ್ಲಿ ಟ್ಯಾಂಕರಿನವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳಲು ಶುರುವಾಗುತ್ತದೆ. ಕಾಲುವೆ ಬರುವ ಮೊದಲು ಜನ ಬದುಕಿದ್ದು ನಾಡಿ, ಟೋಬಾ ಎಂಬ ಕೆರೆಕಟ್ಟೆಗಳಿಂದ, ಬೇರಿ ಎಂಬ ಸಣ್ಣ ಬಾವಿಗಳಿಂದ, ಟಾಂಕಾ ಎಂಬ ಮಳೆನೀರಿನ ತೊಟ್ಟಿಗಳಿಂದ. ಕೆರೆಗೆ ಮಳೆನೀರು ಹರಿದು ಬರುವ ಸುತ್ತಲಿನ ಇಳಿಜಾರು ನೆಲಕ್ಕೆ ಆಗೋರ್ ಎನ್ನುತ್ತಾರೆ. ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆಯಲೂ ಹಿರಿಯರು ಬಿಡುತ್ತಿರಲಿಲ್ಲವಂತೆ. ವೃದ್ಧರು ತಂದಿದ್ದ ಏಳು ಸಂಖ್ಯೆಗಳಲ್ಲಿ ಎರಡು ಆಗೋರ್‌ನವು. ಜಮಾಬಂದಿಯಲ್ಲಿ ಕೆರೆಯ ಅಂಗಳಕ್ಕೆ ರಕ್ಷಣೆಯಿದೆ. ಅದಕ್ಕೆ ನೀರು ತರುವ ಇಳಿಜಾರು ಮತ್ತೆ ಸಿವಾಯ್ ಚಕ್! ರಾಜಸ್ಥಾನ ಹೈಕೋರ್ಟ್ 2004ರ ಆಗಸ್ಟ್‌ನಲ್ಲಿ ಅಬ್ದುಲ್ ರೆಹಮಾನ್ ಪ್ರಕರಣದಲ್ಲಿ, ಜಲಮೂಲಗಳ ಜಲಾನಯನ ಪ್ರದೇಶಗಳನ್ನು 1947ರ ಆಗಸ್ಟ್ 15ರಂದು ಇದ್ದ ಸ್ಥಿತಿಗೆ ಮರಳಿಸಬೇಕೆಂದು ಹೇಳಿದೆ. ತೀರ್ಪು ಬಂದು ಎರಡು ದಶಕಗಳು ಕಳೆದಿವೆ, ಮತ್ತು ಆ ಎರಡು ಸಂಖ್ಯೆಗಳ ಮುಂದೆ ಏನು ಬರೆದಿತ್ತೆಂದು ನಾನೇ ಓದಿದ್ದೇನೆ.

ಹಾಗಾದರೆ ಆಗಬೇಕಾದದ್ದೇನು? ಉತ್ತರ ರಾಜಸ್ಥಾನದ ಇತಿಹಾಸದಲ್ಲಿಯೇ ಇದೆ. 1959ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರು ಅವರು ಪಂಚಾಯತ್ ರಾಜ್ ವ್ಯವಸ್ಥೆಗೆ ಚಾಲನೆ ಕೊಟ್ಟದ್ದು ಇದೇ ಮರುನಾಡಿನ ನಾಗೌರ್‌ನಲ್ಲಿ. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆ, ನಡೆಸಿದರು. ಬರ ಪರಿಹಾರ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಈ ಹೆಸರಿನವನು ಸತ್ತು ಎಷ್ಟೋ ವರ್ಷವಾಯಿತು, ಈ ಕಟ್ಟಡ ಕಟ್ಟಿಯೇ ಇಲ್ಲ ಎಂದು ಅಂಥ ಸಭೆಗಳಲ್ಲಿ ಜನ ಎದ್ದು ನಿಂತು ಹೇಳತೊಡಗಿದರು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನಗಳ ಧರಣಿಯಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ದಾಖಲೆಯನ್ನು ಅದು ಯಾರ ಬಗ್ಗೆ ಇದೆಯೋ ಅವರ ಎದುರಿಗೇ ಗಟ್ಟಿಯಾಗಿ ಓದಬೇಕು ಎಂಬುದನ್ನು ಇಡೀ ದೇಶಕ್ಕೆ ಕಲಿಸಿದ ರಾಜ್ಯವಿದು.

ಅದೇ ಕೆಲಸವನ್ನು ಜಮಾಬಂದಿಗೂ ಮಾಡಬೇಕೆಂಬುದು ನನ್ನ ಬೇಡಿಕೆ. ಯಾವುದೇ ಸಿವಾಯ್ ಚಕ್ ಜಮೀನನ್ನು ಯಾರಿಗೇ ಹಂಚುವ ಮೊದಲು ಆ ಖಸರಾ ಸಂಖ್ಯೆಗಳ ಪಟ್ಟಿಯನ್ನು ಪಟವಾರಿ ಗ್ರಾಮಸಭೆಯಲ್ಲಿ ನಿಂತು ಓದಬೇಕು. ಬರೀ ಸಂಖ್ಯೆ ಓದಿದರೆ ಸಾಲದು, ಏಕೆಂದರೆ ಕುರಿ ಮೇಯಿಸುವವರಿಗೆ ಸಂಖ್ಯೆ ಗೊತ್ತಿರುವುದಿಲ್ಲ. ಜನ ಆ ಜಾಗವನ್ನು ಕರೆಯುವ ಹೆಸರಿನೊಂದಿಗೆ, ಅಂದರೆ ಯಾವ ನಾಡಿಯ ಪಕ್ಕ, ಯಾವ ದೇವಿಯ ಕಟ್ಟೆಯ ಹಿಂದೆ ಎಂದು ಹೇಳಿ ಓದಬೇಕು. ಸಭೆಯಲ್ಲಿ ಬಂದ ಆಕ್ಷೇಪವನ್ನು ಬರೆದುಕೊಂಡು, ಸ್ಥಳಕ್ಕೆ ಹೋಗಿ ನೋಡಿ, ಉತ್ತರವನ್ನು ಮುಂದಿನ ಸಭೆಯಲ್ಲಿ ಓದಬೇಕು. ಸಭೆಯಲ್ಲಿ ಹೆಂಗಸರು ಇರಲೇಬೇಕು; ಸಾಂಗರಿ ಕೀಳುವವರು, ಬೇರಿಯಿಂದ ನೀರು ಸೇದುವವರು ಅವರೇ ಆದ್ದರಿಂದ ಯಾವ ಗಿಡ ಎಲ್ಲಿದೆ ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇದರಿಂದ ಯೋಜನೆಗಳು ತಡವಾಗುತ್ತವೆ ಎನ್ನುವವರಿದ್ದಾರೆ. ನಮ್ಮ ಶಾಖೆಯ ಕೆಲವು ಸಹೋದ್ಯೋಗಿಗಳದೂ ಅದೇ ವಾದ. ಹಂಚಿಕೆಯಾದ ಮೇಲೆ ನಡೆಯುವ ಧರಣಿ, ಕಾಲ್ನಡಿಗೆ ಯಾತ್ರೆ, ಪೊಲೀಸ್ ಬಂದೋಬಸ್ತು, ಹೈಕೋರ್ಟಿನ ಅರ್ಜಿ ಇವೆಲ್ಲ ಎಷ್ಟು ತಿಂಗಳು ತಿನ್ನುತ್ತವೆ ಎಂಬುದನ್ನು ಅವರು ಲೆಕ್ಕ ಹಾಕುವುದಿಲ್ಲ. ಯೋಜನೆ ನಿಂತರೂ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ಎರಡು ಗ್ರಾಮಸಭೆಗಳಿಗೆ ಬೇಕಾಗುವ ಕಾಲ ಇದರ ಮುಂದೆ ಏನೂ ಅಲ್ಲ.

ನನಗೆ ಹೆಚ್ಚು ನಿಜವೆನಿಸುವ ಅಡ್ಡಿ ಬೇರೆಯೇ ಇದೆ. ಗ್ರಾಮಸಭೆಗೆ ಜೀವ ಇರಬೇಕಾದರೆ ಪಂಚಾಯತಿಗೆ ಜೀವ ಇರಬೇಕು. 2025ರ ಜನವರಿಯಲ್ಲಿ ಅವಧಿ ಮುಗಿದ ಆರು ಸಾವಿರಕ್ಕೂ ಹೆಚ್ಚು ಪಂಚಾಯತಿಗಳಲ್ಲಿ ರಾಜ್ಯ ಸರ್ಕಾರ ಆಗ ಚುನಾವಣೆ ನಡೆಸದೆ, ಇದ್ದ ಸರಪಂಚರನ್ನೇ, ಅಂದರೆ ಪಂಚಾಯತಿ ಅಧ್ಯಕ್ಷರನ್ನೇ, ಆಡಳಿತಾಧಿಕಾರಿಗಳೆಂದು ಕೂರಿಸಿತು. ಮತ ಹಾಕಿದವರಿಗೆ ಉತ್ತರ ಕೊಡಬೇಕಾದವರು ಅಂದಿನಿಂದ ನೇಮಿಸಿದವರಿಗೆ ಉತ್ತರ ಕೊಡುವವರಾದರು. ನಾಗೌರ್‌ನಲ್ಲಿ ಪಂಚಾಯತ್ ರಾಜ್ ಹುಟ್ಟಿದ ರಾಜ್ಯದಲ್ಲಿ ಇದು ನಡೆದದ್ದು ನನಗೆ ನೋವು ತಂದಿತು. ಪುರಸಭೆಯ ಮೋರಿಗಾಗಿ, ಬೀದಿದೀಪಕ್ಕಾಗಿ ಗಲಾಟೆ ಮಾಡುತ್ತಿದ್ದ ಊರಿನ ಸುಶಿಕ್ಷಿತರು ಈ ವಿಷಯಕ್ಕೆ ಬೀದಿಗೆ ಇಳಿಯಲಿಲ್ಲ. ಮೋರಿಯ ಗಲಾಟೆ ಬೇಡವೆನ್ನುತ್ತಿಲ್ಲ, ಅದೂ ಬೇಕು. ಆದರೆ ಊರಿನ ಸುತ್ತಲಿನ ನೆಲ ಕೈತಪ್ಪಿದರೆ ಊರಿನ ಮಾರುಕಟ್ಟೆಗೆ ತುಪ್ಪ, ಉಣ್ಣೆ, ಆಡು ತರುವವರು ಇರುವುದಿಲ್ಲ. ಅವರು ಬಾರದಿದ್ದರೆ ಆ ಅಂಗಡಿಗಳೂ, ನಾನಿದ್ದ ಶಾಖೆಯೂ ನಡೆಯುವುದಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು, 2019ರಲ್ಲಿ ಉಳಿದದ್ದು ಸುಮಾರು 2.5 ಲಕ್ಷ. ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, ಅದನ್ನು ಕಾಯಲು 2015ರಲ್ಲಿ ಕಾಯ್ದೆಯನ್ನೂ ಮಾಡಿದ್ದರು. ಅದು ಮೇಯುವ ನೆಲದ ಮಾತು ಮಾತ್ರ ಮೊದಲು ಇದ್ದಲ್ಲಿಯೇ ಉಳಿಯಿತು.

ನಾನು ವರ್ಗವಾಗಿ ಹೊರಡುವ ಮುನ್ನ ವೃದ್ಧರ ಚೀಟಿಯಲ್ಲಿದ್ದ ಏಳು ಸಂಖ್ಯೆಗಳ ಜಮಾಬಂದಿ ಪ್ರತಿಗಳನ್ನು ಮುದ್ರಿಸಿ, ಪ್ರತಿಯೊಂದರ ಮೇಲೂ ಜನ ಕರೆಯುವ ಹೆಸರನ್ನು ಅವರ ಮೊಮ್ಮಗನ ಕೈಯಲ್ಲಿ ಬರೆಸಿ ಕೊಟ್ಟೆ. ಓರಣನ್ನು ಗುರುತಿಸಲು ಇಲಾಖೆಯವರು ಬಂದ ದಿನ ಅದನ್ನು ಅವರ ಮುಂದೆ ಹಿಡಿಯುತ್ತೇನೆ ಎಂದಿದ್ದರು. ಕಳೆದ ತಿಂಗಳು ಹುಡುಗ ಫೋನ್ ಮಾಡಿದ್ದ. ಅಜ್ಜ ಚೆನ್ನಾಗಿದ್ದಾರೆ, ಇಲಾಖೆಯವರು ಇನ್ನೂ ಬಂದಿಲ್ಲ. ಜಾಲತಾಣದಲ್ಲಿ ಐದು ಸಂಖ್ಯೆಗಳ ಮುಂದೆ ಈಗಲೂ ಸಿವಾಯ್ ಚಕ್ ಎಂದೇ ಇದೆ, ಉಳಿದ ಎರಡರ ಮುಂದೆ ಹಂಚಿಕೆಯ ಆದೇಶದ ದಿನಾಂಕ ಬಂದಿದೆ ಎಂದ. ಆಗೋರ್‌ನವು ಆ ಎರಡು.